ಮಿಷನ್ ಅನಾಥಾಲಯ ಮತ್ತು ಪರದೇಶಿ ಸೇವಕರು

ಕನ್ನಡದಲ್ಲಿ ‘ಪರದೇಶಿ’ ಎಂದರೆ ಬೇರೆ ದೇಶದವನು. ದಿಕ್ಕುದೆಸೆಯಿಲ್ಲದವನಿಗೂ ಅದೇ ಮಾತು. ಮಿಷನ್ ಅನಾಥಾಲಯದ ಚರಿತ್ರೆಯಲ್ಲಿ ಈ ಎರಡು ಬಗೆಯ ಪರದೇಶಿಗಳೂ ಒಂದೇ ಕಂಪೌಂಡಿನೊಳಗೆ ಸಿಗುತ್ತಾರೆ. ಬರದಲ್ಲೋ ರೋಗದಲ್ಲೋ ಹೆತ್ತವರನ್ನು ಕಳೆದುಕೊಂಡ ಮಕ್ಕಳು ಒಂದು ಕಡೆ. ಜರ್ಮನಿ, ಸ್ವಿಟ್ಜರ್ಲೆಂಡ್, ಇಂಗ್ಲೆಂಡ್, ಅಮೆರಿಕದಿಂದ ಹಡಗು ಹತ್ತಿ ಬಂದ ಪಾದ್ರಿಗಳೂ ಮಿಸ್ಸಮ್ಮಗಳೂ ಇನ್ನೊಂದು ಕಡೆ. ಕ್ರೈಸ್ತ ಧರ್ಮಪ್ರಚಾರದ ಅಂಗವಾಗಿ ಹೊರದೇಶಕ್ಕೆ ಹೋಗಿ ಅನಾಥ ಮಕ್ಕಳ ಸೇವೆ ಮಾಡುವ ಈ ಪದ್ಧತಿ ಇಂದು ‘ಮಿಷನ್ ಟ್ರಿಪ್’ ಎಂಬ ಎರಡು ವಾರದ ಪ್ರವಾಸವಾಗಿ ಉಳಿದಿದೆ. ಕನ್ನಡ ನಾಡಿನಲ್ಲೂ ಮುಂಬಯಿ–ಠಾಣೆ ಸೀಮೆಯಲ್ಲೂ ಇದು ನಡೆದುಬಂದ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮೂಲ

ಪ್ರಾಟೆಸ್ಟೆಂಟ್ ಮಿಷನ್ನುಗಳಿಗೆ ಅನಾಥಾಲಯದ ಮಾದರಿ ಸಿಕ್ಕಿದ್ದು ಜರ್ಮನಿಯ ಹಾಲೆ ನಗರದಿಂದ. ಅಲ್ಲಿ ಅಗಸ್ಟ್ ಹರ್ಮನ್ ಫ್ರಾಂಕೆ 1695ರಲ್ಲಿ ಬಡಮಕ್ಕಳಿಗಾಗಿ ತೆರೆದ ಶಾಲೆ ಕೆಲವೇ ವರ್ಷಗಳಲ್ಲಿ ಅನಾಥಾಲಯ, ಮುದ್ರಣಾಲಯ, ಔಷಧಾಲಯಗಳಿರುವ ದೊಡ್ಡ ಸಂಸ್ಥೆಯಾಯಿತು. 1706ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಗೆ ಬಂದಿಳಿದ ಮಿಷನರಿ ಜೀಗನ್‌ಬಾಲ್ಗ್ ಹಾಲೆಯಲ್ಲೇ ಓದಿದವನು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾರ್ಜ್ ಮ್ಯುಲ್ಲರ್ 1836ರಲ್ಲಿ ಆರಂಭಿಸಿದ ಅನಾಥಾಲಯ ಇನ್ನೊಂದು ಪಾಠ ಕಲಿಸಿತು: ಯಾರ ಬಳಿಯೂ ನೇರವಾಗಿ ಹಣ ಕೇಳದೆ, ಪ್ರಾರ್ಥನೆಯನ್ನೇ ನಂಬಿ, ದಾನ ಬಂದಂತೆ ಮನೆ ನಡೆಸುವುದು. ಯಾವ ಮಿಷನ್ ಬೋರ್ಡಿನ ಸಂಬಳವೂ ಇಲ್ಲದೆ ಒಂಟಿಯಾಗಿ ಭಾರತಕ್ಕೆ ಹೊರಟ ಅನೇಕರಿಗೆ ಮ್ಯುಲ್ಲರನೇ ಮೇಲ್ಪಂಕ್ತಿ.

ಕನ್ನಡ ನಾಡು

ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ 1834ರ ಅಕ್ಟೋಬರ್‌ನಲ್ಲಿ ಮಂಗಳೂರಿಗೆ ಬಂದರು. ಧಾರವಾಡ 1837, ಹುಬ್ಬಳ್ಳಿ 1839, ಬೆಟಗೇರಿ 1841, ಗುಳೇದಗುಡ್ಡ 1851: ಘಟ್ಟದ ಮೇಲಿನ ಠಾಣ್ಯಗಳು ಹೀಗೆ ಒಂದೊಂದಾಗಿ ಎದ್ದವು. ಕರಾವಳಿಯಲ್ಲಿ ಮೂಲ್ಕಿಯಲ್ಲಿ ಹೆಣ್ಣುಮಕ್ಕಳಿಗೆ, ಉಡುಪಿಯಲ್ಲಿ ಗಂಡುಮಕ್ಕಳಿಗೆ ಅನಾಥಾಲಯಗಳಾದವು. ಜನರ ಬಾಯಲ್ಲಿ ಇವು ‘ಬೋರ್ಡಿಂಗು’ಗಳು, ಮತ್ತು ಆ ಹೆಸರೇ ಹೆಚ್ಚು ಸರಿ. ಅಲ್ಲಿದ್ದ ಎಲ್ಲರೂ ತಬ್ಬಲಿಗಳಾಗಿರಲಿಲ್ಲ. ಮತಾಂತರವಾಗಿ ಜಾತಿಯಿಂದಲೂ ಕಸುಬಿನಿಂದಲೂ ಹೊರಬಿದ್ದವರ ಮಕ್ಕಳೂ ಇದ್ದರು. ಬೆಳೆದ ಮಕ್ಕಳಿಗೆ ಕೆಲಸ ಬೇಕಿತ್ತು. 1851ರಲ್ಲಿ ಆರಂಭವಾದ ನೇಯ್ಗೆ ಕಾರ್ಖಾನೆ, 1865ರಲ್ಲಿ ಮಿಷನ್ನಿನ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಾಕಿದ ಹಂಚಿನ ಕಾರ್ಖಾನೆ ಆ ಅಗತ್ಯಕ್ಕೂ ಉತ್ತರವಾದವು. ಇಂದಿಗೂ ಕರಾವಳಿಯ ಹಳೇ ಮನೆಗಳ ಮಾಡಿನಲ್ಲಿರುವ ‘ಮಂಗಳೂರು ಹಂಚಿ’ನ ಹಿಂದೆ ಈ ಬೋರ್ಡಿಂಗು ಮಕ್ಕಳ ಬೆವರೂ ಇದೆ.

ಈ ಮಿಷನರಿಗಳು ಬಂದೊಡನೆ ಕೆಲಸಕ್ಕೆ ಇಳಿಯುವಂತಿರಲಿಲ್ಲ. ಊರ ಭಾಷೆ ಕಲಿತು ಪರೀಕ್ಷೆ ಕೊಡಬೇಕಿತ್ತು. 1836ರಲ್ಲಿ ಬಂದ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, 1853ರಲ್ಲಿ ಬಂದ ಕಿಟ್ಟೆಲ್ 1894ರಲ್ಲಿ ನಿಘಂಟು ಮುಗಿಸಿದ್ದು ಎಲ್ಲರಿಗೂ ಗೊತ್ತು. ಅನಾಥಾಲಯದ ಚರಿತ್ರೆಗೂ ಈ ವಿಷಯ ಬೇಕು: ಮಗು ರಾತ್ರಿ ಜ್ವರದಲ್ಲಿ ನರಳಿದರೆ ಅದರ ಮಾತು ತಿಳಿಯುವವರು ಅಲ್ಲಿದ್ದರು.

ಮಿಷನ್ ಅನಾಥಾಲಯಗಳು ನಿಜವಾಗಿ ತುಂಬಿದ್ದು ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876–78ರಲ್ಲಿ. 1871ರ ಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 41.8 ಲಕ್ಷಕ್ಕೆ ಇಳಿಯಿತು. ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಹುಡುಗರಿಗೆ, ಹಾಸನದಲ್ಲಿ ಹುಡುಗಿಯರಿಗೆ ಮನೆಗಳನ್ನು ತೆರೆಯಿತು. ಕೋಲಾರದಲ್ಲಿ ಮಿಸ್ ಆನ್‌ಸ್ಟೆ ಎಂಬ ಇಂಗ್ಲಿಷ್ ಮಹಿಳೆ ಬರದ ಮಕ್ಕಳನ್ನು ಸೇರಿಸಿಕೊಂಡು ತನ್ನದೇ ಅನಾಥಾಲಯ ಕಟ್ಟಿದಳು. ಇಂದಿನ ಸ್ವಯಂಸೇವಕರಿಗೆ ಕನ್ನಡ ನಾಡಿನಲ್ಲಿ ಒಬ್ಬ ಪೂರ್ವಜೆಯನ್ನು ಹುಡುಕಿದರೆ ಸಿಗುವವಳು ಇವಳೇ. ದಾನದ ಹಣವೇ ಅವಳಿಗೆ ಆಧಾರ. ಮಕ್ಕಳು ದೊಡ್ಡವರಾದಾಗ ಅವರನ್ನು ಬೀದಿಗೆ ಬಿಡಲಿಲ್ಲ. ಜಮೀನು ಕೊಂಡು ಒಕ್ಕಲು ಹೂಡಿಸಿದಳು. 1890ರಲ್ಲಿ ಇಡೀ ಸಂಸ್ಥೆಯನ್ನು ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಒಪ್ಪಿಸಿದಳು.

ಪಂಡಿತಾ ರಮಾಬಾಯಿ

ಈ ಚರಿತ್ರೆಯನ್ನು ತಲೆಕೆಳಗು ಮಾಡಿದವರು ಪಂಡಿತಾ ರಮಾಬಾಯಿ (1858–1922). ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ; ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಬಳಿಯ ಮಾಳ. ಪುರಾಣ ಹೇಳುತ್ತ ಊರೂರು ಅಲೆದ ಕುಟುಂಬ 1870ರ ದಶಕದ ಬರಕ್ಕೆ ಸಿಕ್ಕಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನಾಥರಿಗೆ ಮನೆ ಕಟ್ಟಿದ ಈಕೆ ಸ್ವತಃ ಬರದ ತಬ್ಬಲಿ. ಉಳಿದ ಮಿಷನ್ ಸ್ಥಾಪಕರಲ್ಲಿ ಹೀಗಿದ್ದವರು ವಿರಳ.

1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಧರ್ಮ ಸ್ವೀಕರಿಸಿದ ರಮಾಬಾಯಿ ಅಮೆರಿಕ ಸುತ್ತಿ ಹಣ ಕೂಡಿಸಿದರು. 1887ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿ ಹತ್ತು ವರ್ಷ ನೆರವಿನ ಮಾತು ಕೊಟ್ಟಿತು. 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿ ಬಳಿ ಶಾರದಾ ಸದನ ತೆರೆಯಿತು, ಮರುವರ್ಷ ಪುಣೆಗೆ ಹೋಯಿತು. ಮೊದಮೊದಲ ವಿಧವೆ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದ ಗೋದೂಬಾಯಿಯನ್ನೇ 1893ರಲ್ಲಿ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆ ಮದುವೆಯಾದರು. ಅದೇ ವರ್ಷ, ಸದನದಲ್ಲಿ ಹುಡುಗಿಯರಿಗೆ ಕ್ರೈಸ್ತಧರ್ಮದ ಪ್ರಭಾವವಾಗುತ್ತಿದೆ ಎಂಬ ಆಕ್ಷೇಪದ ಮೇಲೆ ಸಲಹಾ ಮಂಡಳಿಯಲ್ಲಿದ್ದ ಸುಧಾರಕರಾದ ರಾನಡೆ, ಭಾಂಡಾರ್ಕರ್ ಹೊರಬಂದರು. ರಾನಡೆ ಸಂಪ್ರದಾಯವಾದಿಯಲ್ಲ, ಸ್ತ್ರೀಶಿಕ್ಷಣದ ವಿರೋಧಿಯೂ ಅಲ್ಲ. ಅದಕ್ಕೇ ಆ ರಾಜೀನಾಮೆಗೆ ತೂಕ ಬಂತು. ಅನ್ನ ಕೊಡುವ ಕೈ ದೇವರನ್ನೂ ಕೊಡಬಹುದೇ, ಮಗು ಬೇಡ ಎನ್ನುವ ಸ್ಥಿತಿಯಲ್ಲಿ ಇದೆಯೇ ಎಂಬ ಪ್ರಶ್ನೆ ಅಂದು ಎದ್ದದ್ದು ಇಂದಿಗೂ ಬಗೆಹರಿದಿಲ್ಲ. ರಮಾಬಾಯಿಯ ಪಕ್ಷದವರೂ ಎದುರು ಪಕ್ಷದವರೂ ಅದನ್ನು ಪೂರ್ತಿ ಎದುರಿಸಿದರು ಎನ್ನಲಾಗದು.

1896–97ರ ಬರದಲ್ಲಿ ರಮಾಬಾಯಿ ಮಧ್ಯಪ್ರಾಂತ್ಯಕ್ಕೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಸಂಸ್ಥೆಗೆ ಆದಾಯವಾಗಲೆಂದು ಪುಣೆಯಿಂದ ಆಚೆ ಕೇಡಗಾಂವದಲ್ಲಿ ಕೊಂಡಿದ್ದ ಹಣ್ಣಿನ ತೋಟವೇ ಆಗ ಅವರಿಗೆ ನೆಲೆಯಾಯಿತು. ಅದೇ ಮುಕ್ತಿ ಮಿಷನ್. 1900ರ ಗುಜರಾತ್ ಬರದ ಬಳಿಕ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂತು. ಇಲ್ಲಿಗೆ ಹೊರದೇಶದ ಸೇವಕಿಯರು ಬಂದರು, ಆದರೆ ಯಜಮಾನಿಕೆ ಭಾರತೀಯ ಹೆಂಗಸಿನದು. ಮೆಥೋಡಿಸ್ಟ್ ಮಿಷನ್ನಿನ ಕೆಲಸಕ್ಕೆ 1887ರಲ್ಲಿ ಮುಂಬಯಿಗೆ ಬಂದಿದ್ದ ಅಮೆರಿಕದ ಮಿನ್ನಿ ಏಬ್ರಮ್ಸ್ 1898ರಲ್ಲಿ ಮುಕ್ತಿ ಸೇರಿ ರಮಾಬಾಯಿಯ ಕೈಕೆಳಗೆ ದುಡಿದಳು. ಬರದಲ್ಲಿ ಸಿಕ್ಕ ಗಂಡುಹುಡುಗರಿಗಾಗಿ ಆಲ್ಬರ್ಟ್ ನಾರ್ಟನ್ ಎಂಬ ಅಮೆರಿಕನ್ ದೌಂಡದಲ್ಲಿ ಬೇರೆ ಮನೆ ತೆರೆದ.

ಮುಕ್ತಿಯ ಮುದ್ರಣಾಲಯವನ್ನು ನೋಡಿದರೆ ಆ ಜಾಗದ ರೀತಿ ತಿಳಿಯುತ್ತದೆ. ಮೊಳೆ ಜೋಡಿಸುವುದು, ಅಚ್ಚು ಹಾಕುವುದು, ಕಟ್ಟುವುದು, ಎಲ್ಲ ಹುಡುಗಿಯರದೇ. ಬರದ ಸಾಲಿನಿಂದ ಎತ್ತಿ ತಂದ, ಅಕ್ಷರವೇ ಕಾಣದ ಕೈಗಳು ಕೆಲವೇ ವರ್ಷಗಳಲ್ಲಿ ಮರಾಠಿ ಬೈಬಲಿನ ಪುಟಗಳನ್ನು ತಲೆಕೆಳಗಾದ ಅಕ್ಷರದಲ್ಲಿ ಜೋಡಿಸುತ್ತಿದ್ದವು. ರಮಾಬಾಯಿ ಮೂಲ ಭಾಷೆಗಳಿಂದ ಮಾಡಿದ ಆ ಅನುವಾದ ಪೂರ್ತಿಯಾಗಿ ಹೊರಬಂದದ್ದು ಅವರು ತೀರಿಕೊಂಡ ಮೇಲೆ, 1924ರಲ್ಲಿ. ಕನ್ನಡ ಸೀಮೆಗೂ ಮುಕ್ತಿಯ ಒಂದು ಕೊಂಬೆ ಚಾಚಿತ್ತು: 1910ರ ದಶಕದಲ್ಲಿ ನಿಜಾಮರ ಗುಲ್ಬರ್ಗಾದಲ್ಲಿ ತೆರೆದ ಹೆಣ್ಣುಮಕ್ಕಳ ಶಾಲೆ, ಶಾಂತಿಸದನ.

ಮುಕ್ತಿ ಇದ್ದ ಮುಂಬಯಿ ಪ್ರಾಂತ್ಯದಲ್ಲೇ, ನಾಸಿಕದ ಹತ್ತಿರ, 1854ರಲ್ಲಿ ಚರ್ಚ್ ಮಿಷನರಿ ಸೊಸೈಟಿ ಕಟ್ಟಿದ ಶರಣ್‌ಪುರವನ್ನೂ ಹೆಸರಿಸಬೇಕು. ಗುಲಾಮರ ಹಡಗುಗಳಿಂದ ಬಿಡಿಸಿದ ಆಫ್ರಿಕದ ಮಕ್ಕಳು ಅಲ್ಲಿ ಬೆಳೆದರು. ಆಫ್ರಿಕದ ಅನ್ವೇಷಕ ಲಿವಿಂಗ್‌ಸ್ಟನ್ನನ ಶವದೊಂದಿಗೆ ಇಂಗ್ಲೆಂಡಿನವರೆಗೆ ಹೋದ ಜೇಕಬ್ ವೇನ್‌ರೈಟ್ ನಾಸಿಕದಲ್ಲಿ ಓದಿದವನು.

ಹಡಗಿನಿಂದ ವಿಮಾನಕ್ಕೆ

1895ರಲ್ಲಿ ಬೆಂಗಳೂರಿಗೆ ಬಂದು, ಆಮೇಲೆ ತಿರುನೆಲ್ವೇಲಿ ಸೀಮೆಯ ದೋಹನಾವೂರಿನಲ್ಲಿ ಮಕ್ಕಳ ಮನೆ ಕಟ್ಟಿದ ಏಮಿ ಕಾರ್ಮೈಕಲ್ 1951ರಲ್ಲಿ ಸಾಯುವವರೆಗೆ ಒಮ್ಮೆಯೂ ತಾಯ್ನಾಡಿಗೆ ರಜೆಯ ಮೇಲೆ ಹೋಗಲಿಲ್ಲ. ಆ ತಲೆಮಾರು ಮುಗಿಯುತ್ತಿದ್ದಂತೆ ಪದ್ಧತಿಯೇ ಬದಲಾಯಿತು. ಕೊರಿಯಾ ಯುದ್ಧದ ಅನಾಥರಿಗಾಗಿ 1950ರ ದಶಕದ ಆರಂಭದಲ್ಲಿ ವರ್ಲ್ಡ್ ವಿಷನ್, ಕಂಪ್ಯಾಷನ್ ಸಂಸ್ಥೆಗಳು ಮಗುವಿನ ಫೋಟೊ ಕಳಿಸಿ ತಿಂಗಳ ಹಣ ಪಡೆಯುವ ಪ್ರಾಯೋಜನೆಯನ್ನು ರೂಢಿಗೆ ತಂದವು. 1957ರಲ್ಲಿ ಆಪರೇಷನ್ ಮೊಬಿಲೈಸೇಷನ್, 1960ರಲ್ಲಿ ಯೂತ್ ವಿತ್ ಎ ಮಿಷನ್ ಕಾಲೇಜು ಹುಡುಗರನ್ನು ರಜೆಯಲ್ಲಿ ಹೊರದೇಶಕ್ಕೆ ಕಳಿಸತೊಡಗಿದವು. ಜಂಬೊ ವಿಮಾನ ಬಂದು ಟಿಕೆಟ್ ಅಗ್ಗವಾದ ಮೇಲೆ ಚರ್ಚಿನ ಬೇಸಿಗೆ ಕಾರ್ಯಕ್ರಮವೇ ಇದಾಯಿತು. 2005ರ ಸಮೀಕ್ಷೆಯೊಂದರ ಆಧಾರದಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್‌ನೋ ಹೀಗೆ ಹೊರದೇಶಕ್ಕೆ ಹೋಗುವ ಅಮೆರಿಕನ್ನರನ್ನು ವರ್ಷಕ್ಕೆ 16 ಲಕ್ಷ ಎಂದು ಅಂದಾಜಿಸಿದ.

ಎರಡು ವಾರದಲ್ಲಿ ಭಾಷೆ ಬರುವುದಿಲ್ಲ. ಗೋಡೆಗೆ ಬಣ್ಣ ಬಳಿಯಬಹುದು, ಹಾಡು ಹೇಳಿಕೊಡಬಹುದು, ಮಗುವನ್ನು ಎತ್ತಿಕೊಳ್ಳಬಹುದು. ತೊಂದರೆ ಕಡೆಯದರಲ್ಲೇ ಇದೆ. ಸಂಸ್ಥೆಗಳಲ್ಲಿ ಬೆಳೆಯುವ ಮಗುವಿಗೆ ಪದೇ ಪದೇ ಆಗುವ ಅಗಲಿಕೆ ಆಳವಾದ ಹಾನಿ ಮಾಡುತ್ತದೆ ಎಂದು ಮನೋವೈದ್ಯ ಜಾನ್ ಬೌಲ್ಬಿ 1951ರಷ್ಟು ಹಿಂದೆಯೇ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಕೊಟ್ಟಿದ್ದ. 2009ರಲ್ಲಿ ಸೇವ್ ದಿ ಚಿಲ್ಡ್ರನ್ ಸಂಸ್ಥೆ ಇನ್ನೊಂದು ಮಾತು ಹೇಳಿತು: ಜಗತ್ತಿನ ಅನಾಥಾಲಯಗಳಲ್ಲಿರುವ ಐವರು ಮಕ್ಕಳಲ್ಲಿ ನಾಲ್ವರಿಗಾದರೂ ತಂದೆ ಅಥವಾ ತಾಯಿ ಬದುಕಿದ್ದಾರೆ. ಅವರನ್ನು ಅಲ್ಲಿಗೆ ತಂದದ್ದು ಸಾವಲ್ಲ, ಬಡತನ. ಕಾಂಬೋಡಿಯ, ನೇಪಾಳಗಳಲ್ಲಿ ಪ್ರವಾಸಿಗರ ದಾರಿಯಲ್ಲೇ ಅನಾಥಾಲಯಗಳು ಹೆಚ್ಚಿದವು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅನಾಥಾಲಯ ಸ್ವಯಂಸೇವೆಯ ಅಪಾಯವನ್ನು ತನ್ನ ನಿರ್ಣಯದಲ್ಲೇ ಹೇಳಿತು.

ಠಾಣೆ ಖಾರಿಯ ಎರಡು ದಡ

ಖಾರಿಯ ಪೂರ್ವದ ದಡದಲ್ಲಿ, ನವಿ ಮುಂಬಯಿಯ ಮಹಾಪೆಯಲ್ಲಿ ಹಳೆಯ ಮಿಷನ್ ಅನಾಥಾಲಯವಿಲ್ಲ. ಆಗ್ರಿ–ಕೋಳಿ ಜನರ ಹೊಲಗದ್ದೆಗಳಿದ್ದ ಈ ಪಟ್ಟಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ (ಎಂಐಡಿಸಿ) ಠಾಣೆ–ಬೇಲಾಪುರ ಕೈಗಾರಿಕಾ ಪ್ರದೇಶವಾಗಿ, ಈಗ ಐಟಿ ಪಾರ್ಕುಗಳಾಗಿ ಮಾರ್ಪಟ್ಟಿದೆ. ಇಲ್ಲಿ ಕಾಣುವುದು ಮಿಷನ್ ಟ್ರಿಪ್ಪಿನ ದೇಶೀ ತಮ್ಮ. ಶನಿವಾರ ಮಕ್ಕಳ ಮನೆಯ ಮುಂದೆ ಕಂಪನಿಯ ಬಸ್ಸು, ಒಂದೇ ಬಣ್ಣದ ಟೀಶರ್ಟು, ಕೇಕು, ಬ್ಯಾನರು. ಮಕ್ಕಳು ಬಂದವರೆದುರು ಸಾಲಾಗಿ ನಿಂತು ಹಾಡುತ್ತಾರೆ. ಮುಂದಿನ ಶನಿವಾರ ಇನ್ನೊಂದು ಬಸ್ಸಿಗೂ ಅದೇ ಹಾಡು. ದೇವರ ಹೆಸರಿಲ್ಲ ಎಂಬುದನ್ನು ಬಿಟ್ಟರೆ ಮಗುವಿನ ಕಡೆಯಿಂದ ವ್ಯತ್ಯಾಸ ಹೆಚ್ಚಿಲ್ಲ.

ಅನಾಥಾಲಯಕ್ಕೆ ಬರುವ ಪರದೇಶಿಯನ್ನು ಕಾನೂನು ಸಂಶಯದಿಂದ ನೋಡುವಂತಾಗಿದ್ದು ಕೊಂಕಣ ತೀರದ ಎರಡು ಪ್ರಕರಣಗಳಿಂದ. ಮಡಗಾಂವದಲ್ಲಿ ಮಕ್ಕಳ ಮನೆ ನಡೆಸುತ್ತಿದ್ದವನೊಬ್ಬ 1991ರಲ್ಲಿ ಬಂಧನಕ್ಕೊಳಗಾಗಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ 1996ರಲ್ಲಿ ಶಿಕ್ಷೆಗೊಳಗಾದ. ಮುಂಬಯಿಯ ಕೊಲಾಬಾ ಮತ್ತು ರಾಯಗಡದ ಮುರುಡದಲ್ಲಿ 1995ರಿಂದ ಬೀದಿಮಕ್ಕಳ ಮನೆಗಳನ್ನು ನಡೆಸಿದ ಬ್ರಿಟನ್ನಿನ ಇಬ್ಬರಿಗೆ, ಇಂಥದೇ ಅಪರಾಧಕ್ಕಾಗಿ 2006ರಲ್ಲಿ ಸೆಷನ್ಸ್ ನ್ಯಾಯಾಲಯ ಶಿಕ್ಷೆ ಕೊಟ್ಟಿತು, 2008ರಲ್ಲಿ ಬಾಂಬೆ ಹೈಕೋರ್ಟ್ ಬಿಡುಗಡೆ ಮಾಡಿತು, 2011ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಮತ್ತೆ ಎತ್ತಿಹಿಡಿಯಿತು. ಅವು ಧರ್ಮಪ್ರಚಾರದ ಮನೆಗಳಾಗಿರಲಿಲ್ಲ. ಪರದೇಶಿ ಉಪಕಾರಿಯನ್ನು ಯಾರೂ ಪ್ರಶ್ನಿಸದ ನಮ್ಮ ಸಂಕೋಚವೇ ಅವರಿಗೆ ರಕ್ಷಣೆಯಾಗಿತ್ತು. ಪರದೇಶಿ ಮಾತ್ರವೇ ಅಪಾಯ ಎನ್ನುವಂತೆಯೂ ಇಲ್ಲ. 2022ರ ಆಗಸ್ಟಿನಲ್ಲಿ ನವಿ ಮುಂಬಯಿಯ ಸೀವುಡ್ಸ್‌ನ ಚರ್ಚೊಂದರ ಪರವಾನಗಿಯಿಲ್ಲದ ಆಶ್ರಯದಿಂದ ಸರ್ಕಾರ ಮಕ್ಕಳನ್ನು ಬಿಡಿಸಿತು.

ತಮಿಳುನಾಡಿನ ಮಹಾಬಲಿಪುರಂನ ಅನಾಥಾಲಯಗಳ ಬಗ್ಗೆ ಬಂದ ಒಂದು ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿದ್ದ ಸುಪ್ರೀಂ ಕೋರ್ಟ್, ದೇಶದ ಎಲ್ಲ ಮಕ್ಕಳ ಮನೆಗಳೂ 2017ರ ಡಿಸೆಂಬರ್ 31ರೊಳಗೆ ನೋಂದಣಿಯಾಗಬೇಕೆಂದು ಆ ವರ್ಷದ ಮೇ ತಿಂಗಳಲ್ಲಿ ಆದೇಶಿಸಿತು. 2015ರ ಬಾಲನ್ಯಾಯ ಕಾಯಿದೆಯ 41ನೆಯ ಕಲಮಿನಡಿ ನೋಂದಣಿ ಕಡ್ಡಾಯ. ತಪ್ಪಿದರೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ. ಹಣದ ದಾರಿಯೂ ಕಿರಿದಾಯಿತು. ವಿದೇಶಿ ದೇಣಿಗೆ ನಿಯಮಗಳಡಿ ತಡೆಯಾದ ಕಂಪ್ಯಾಷನ್ 2017ರ ಮಾರ್ಚಿನಲ್ಲಿ ಭಾರತದ ಕೆಲಸ ನಿಲ್ಲಿಸಿದಾಗ ಅದರ ನೆರವು ಪಡೆಯುತ್ತಿದ್ದ ಮಕ್ಕಳು 1.4 ಲಕ್ಷಕ್ಕೂ ಹೆಚ್ಚು. ಆ ಮಕ್ಕಳ ಶಾಲೆಯ ಫೀಸನ್ನು ಮರುತಿಂಗಳು ಯಾರು ಕಟ್ಟಬೇಕು ಎಂಬುದನ್ನು ನಿಯಮ ಮಾಡಿದವರೂ ಹೇಳಲಿಲ್ಲ, ಹೊರಟುಹೋದವರೂ ಹೇಳಲಿಲ್ಲ.

ಈಗ ಇ-ಟೂರಿಸ್ಟ್ ವೀಸಾದಲ್ಲಿ ಬಂದವರು ಸಂಬಳವಿಲ್ಲದ ಸೇವೆಯನ್ನು ಹೆಚ್ಚೆಂದರೆ ಒಂದು ತಿಂಗಳು ಮಾಡಬಹುದು. ಧರ್ಮಪ್ರಚಾರಕ್ಕೆ ಮಿಷನರಿ ವೀಸಾ ಬೇಕು. ಒಸಿಐ ಕಾರ್ಡಿರುವ ಅನಿವಾಸಿ ಕನ್ನಡಿಗರಿಗೂ ವಿನಾಯಿತಿಯಿಲ್ಲ: 2021ರ ಮಾರ್ಚಿನ ಅಧಿಸೂಚನೆಯಂತೆ ಮಿಷನರಿ ಕೆಲಸಕ್ಕೆ ವಿಶೇಷ ಅನುಮತಿ ಪಡೆಯಬೇಕು.

ಮಗುವನ್ನು ಮನೆಯಲ್ಲೇ ಉಳಿಸುವ ಯೋಜನೆಗಳೂ ಬಂದಿವೆ. ಮಹಾರಾಷ್ಟ್ರದ ಬಾಲ ಸಂಗೋಪನ ಯೋಜನೆ ಮಗುವನ್ನು ನೋಡಿಕೊಳ್ಳುವ ಬಂಧುವಿಗೆ ತಿಂಗಳಿಗೆ ಕೊಡುತ್ತಿದ್ದ 1,100 ರೂಪಾಯಿಯನ್ನು 2023ರಲ್ಲಿ 2,250ಕ್ಕೆ ಏರಿಸಿತು. ಕೇಂದ್ರದ ಮಿಷನ್ ವಾತ್ಸಲ್ಯದ ಪ್ರಾಯೋಜನೆ ತಿಂಗಳಿಗೆ 4,000. ಮಕ್ಕಳ ಮನೆಗೆ ಸೇವೆಗೆಂದು ಹೋಗುವವರು ಕೇಕು ಕೊಳ್ಳುವ ಮೊದಲು ಕಚೇರಿಯ ಗೋಡೆಯ ಮೇಲೆ ನೋಂದಣಿ ಪ್ರಮಾಣಪತ್ರ ಇದೆಯೇ ನೋಡಬೇಕು. ಅನುಮಾನ ಬಂದರೆ ಕರೆ ಮಾಡಬೇಕಾದ ಸಂಖ್ಯೆ 1098. ಅದು 1996ರಲ್ಲಿ ಮುಂಬಯಿಯಲ್ಲೇ ಆರಂಭವಾಯಿತು. ಕೊಲಾಬಾದ ಪ್ರಕರಣವನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದದ್ದೂ ಅದನ್ನು ನಡೆಸುತ್ತಿದ್ದ ಚೈಲ್ಡ್‌ಲೈನ್ ಸಂಸ್ಥೆಯೇ.