ವಿಮಾನದ ಮೈಲಿಗಳು: ಗಳಿಸುವ ಬಗೆ, ಉಳಿಸಿಕೊಳ್ಳುವ ಬಗೆ

ಮುಂಬಯಿಯಲ್ಲಿ ನೆಲೆನಿಂತ ಕನ್ನಡಿಗರಿಗೆ ಒಂದು ಕಾಲದಲ್ಲಿ ಊರಿಗೆ ಹೋಗುವುದೆಂದರೆ ರಾತ್ರಿಯಿಡೀ ಬಸ್ಸಿನ ಪ್ರಯಾಣ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡ ಮೇಲೆ ಕರಾವಳಿಯವರ ದಾರಿ ಹಗುರವಾಯಿತು. ಇಂದು ಮದುವೆ, ಉಪನಯನ, ನೇಮ, ಜಾತ್ರೆಗಳಿಗೆಂದು ವರ್ಷಕ್ಕೆ ಎರಡು ಸಲವಾದರೂ ಮಂಗಳೂರಿಗೋ ಬೆಂಗಳೂರಿಗೋ ವಿಮಾನವೇರುವ ಕುಟುಂಬಗಳು ನಮ್ಮ ನಡುವೆ ಸಾಕಷ್ಟಿವೆ. ಮಕ್ಕಳು ವಿದೇಶದಲ್ಲಿದ್ದರೆ ಕೆಲವು ವರ್ಷಗಳಿಗೊಮ್ಮೆ ಸಾಗರದಾಚೆಯ ಪ್ರಯಾಣವೂ ಉಂಟು. ಆದರೆ ಇಷ್ಟೆಲ್ಲ ಹಾರಿದುದಕ್ಕೆ ವಿಮಾನ ಸಂಸ್ಥೆಗಳು ಕೊಡುವ ‘ಫ್ರೀಕ್ವೆಂಟ್ ಫ್ಲೈಯರ್ ಮೈಲ್ಸ್’ ಎಂಬ ಗಳಿಕೆಯನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುವವರು ಎಷ್ಟು ಮಂದಿ?

ಈ ಪ್ರಶ್ನೆಯನ್ನು ಮೊದಲು ನಮಗೆ ನಾವೇ ಕೇಳಿಕೊಳ್ಳಬೇಕಾಯಿತು. ಕೆಲವು ವರ್ಷಗಳ ಹಿಂದೆ ನಾವು ದಂಪತಿಗಳು ಮಗಳ ಮನೆಗೆಂದು ಮುಂಬಯಿಯಿಂದ ನ್ಯೂಯಾರ್ಕಿಗೆ ಹೋಗಿ ಬಂದೆವು. ಹಿಂದಿರುಗಿ ಎಂಟು ತಿಂಗಳಾದ ಮೇಲೆ ಅಳಿಯಂದಿರು ಫೋನಿನಲ್ಲಿ, “ಮಾವ, ಮೈಲ್ಸ್ ಜಮೆ ಆಯಿತೇ?” ಎಂದು ವಿಚಾರಿಸಿದರು. ನಾವು ಸದಸ್ಯರೇ ಆಗಿರಲಿಲ್ಲ. ಬೋರ್ಡಿಂಗ್ ಪಾಸುಗಳು ರದ್ದಿಗೆ ಹೋಗಿದ್ದವು. ವಿಚಾರಿಸಿದಾಗ ಬೇಡಿಕೆ ಸಲ್ಲಿಸುವ ಅವಧಿ ಮುಗಿದಿದೆ ಎಂಬ ಉತ್ತರ ಬಂತು. ಮುಂಬಯಿಯಿಂದ ನ್ಯೂಯಾರ್ಕಿಗೆ ನೇರ ದೂರ ಸುಮಾರು 7,800 ಮೈಲಿ. ಇಬ್ಬರ ಹೋಗಿಬರುವ ದೂರವೇ 31,200 ಮೈಲಿ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು, “ರಸೀದಿ ಜೋಪಾನವಾಗಿಡಿ” ಎಂದು ಗ್ರಾಹಕರಿಗೆ ಬುದ್ಧಿ ಹೇಳಿದ ನಮಗೇ ಈ ಗತಿ! ಆ ಬಳಿಕ ಕುಳಿತು ಓದಿ ತಿಳಿದುಕೊಂಡದ್ದನ್ನು ಓದುಗ ಬಾಂಧವರ ಮುಂದಿಡುತ್ತಿದ್ದೇವೆ.

ಮೈಲಿ ಎಂದರೇನು?

1978ರಲ್ಲಿ ಅಮೆರಿಕೆಯು ವಿಮಾನಯಾನದ ದರ ಮತ್ತು ಮಾರ್ಗಗಳ ಮೇಲಿನ ಸರಕಾರಿ ಹಿಡಿತವನ್ನು ಸಡಿಲಿಸಿತು. ಪೈಪೋಟಿ ಹೆಚ್ಚಿದಾಗ ಪ್ರಯಾಣಿಕನನ್ನು ತನ್ನಲ್ಲೇ ಉಳಿಸಿಕೊಳ್ಳಲು 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ‘ಎಎಡ್ವಾಂಟೇಜ್’ ಯೋಜನೆಯನ್ನು ಆರಂಭಿಸಿತು. ಅದೇ ತಿಂಗಳಲ್ಲಿ ಯುನೈಟೆಡ್ ಏರ್‌ಲೈನ್ಸ್ ಕೂಡ ಹಿಂಬಾಲಿಸಿತು. ಹಾರಿದ ಮೈಲಿಗಳನ್ನು ಖಾತೆಯಲ್ಲಿ ಬರೆದಿಟ್ಟು, ಸಾಕಷ್ಟು ಸೇರಿದ ಮೇಲೆ ಉಚಿತ ಟಿಕೆಟ್ ಕೊಡುವುದು ಅಂದಿನ ಕ್ರಮ.

ಇಂದು ಹೆಸರು ಮೈಲಿ ಎಂದೇ ಇದ್ದರೂ ಅನೇಕ ಕಡೆ ಅಳತೆ ದೂರದ್ದಲ್ಲ, ಹಣದ್ದು. ಅಮೆರಿಕೆಯ ಡೆಲ್ಟಾ ಮತ್ತು ಯುನೈಟೆಡ್ 2015ರಲ್ಲಿ, ಅಮೆರಿಕನ್ 2016ರಲ್ಲಿ, ನಮ್ಮ ಏರ್ ಇಂಡಿಯಾ 2024ರಲ್ಲಿ ಟಿಕೆಟ್ಟಿಗೆ ಕೊಟ್ಟ ದರಕ್ಕೆ ತಕ್ಕಂತೆ ಅಂಕ ನೀಡುವ ಪದ್ಧತಿಗೆ ಬದಲಾದವು. ಇನ್ನು ಕೆಲವು ಯೋಜನೆಗಳು ದೂರ ಹಾಗೂ ಟಿಕೆಟ್ಟಿನ ದರ್ಜೆ ಎರಡನ್ನೂ ನೋಡುತ್ತವೆ. ಅತಿ ಅಗ್ಗದ ಟಿಕೆಟ್ಟಿಗೆ ಪೂರ್ಣ ಮೈಲಿ ಸಿಗದೆ ಅರ್ಧವೋ ಕಾಲೋ ಸಿಗಬಹುದು. ಕೆಲವಕ್ಕೆ ಏನೂ ಸಿಗದಿರಬಹುದು. ಟಿಕೆಟ್ಟಿನಲ್ಲಿ ದರ್ಜೆಯನ್ನು ಸೂಚಿಸುವ ಒಂಟಿ ಅಕ್ಷರವೊಂದು ಇರುತ್ತದೆ. ಅದರ ಮೇಲೆಯೇ ಈ ಲೆಕ್ಕ ನಿಂತಿದೆ.

ಖಾತೆಯಲ್ಲಿ ಎರಡು ಬಗೆಯ ಅಂಕಗಳಿರುತ್ತವೆ ಎಂಬುದನ್ನೂ ಗಮನಿಸಬೇಕು. ಒಂದು ಬಗೆಯದು ಟಿಕೆಟ್ ಪಡೆಯಲು ಖರ್ಚು ಮಾಡುವಂಥದು. ಇನ್ನೊಂದು ಸದಸ್ಯನ ಶ್ರೇಣಿಯನ್ನು ನಿರ್ಧರಿಸುವಂಥದು. ಬೆಳ್ಳಿ, ಚಿನ್ನ ಮುಂತಾದ ಶ್ರೇಣಿಗಳಿಗೆ ಹೆಚ್ಚು ಸಾಮಾನು, ವಿಶ್ರಾಂತಿ ಕೋಣೆಯ ಪ್ರವೇಶ ಮೊದಲಾದ ಸೌಲಭ್ಯಗಳುಂಟು. ವರ್ಷಕ್ಕೆ ಎರಡು ಮೂರು ಸಲ ಹಾರುವ ಗೃಹಸ್ಥರು ಶ್ರೇಣಿಯ ಹಿಂದೆ ಬೀಳಬೇಕಾದ ಅಗತ್ಯವಿಲ್ಲ. ಮೊದಲನೆಯ ಬಗೆಯೇ ನಮಗೆ ಸಾಕು.

ಮೊದಲ ಹೆಜ್ಜೆ: ಸದಸ್ಯತ್ವ ಮತ್ತು ಹೆಸರು

ಸದಸ್ಯತ್ವಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ. ವಿಮಾನ ಸಂಸ್ಥೆಯ ಜಾಲತಾಣದಲ್ಲಿ ಹತ್ತು ನಿಮಿಷದಲ್ಲಿ ಆಗುವ ಕೆಲಸ. ಮನೆಯ ಯಜಮಾನರೊಬ್ಬರೇ ಸದಸ್ಯರಾದರೆ ಸಾಲದು. ಪ್ರಯಾಣಿಸಿದವರ ಖಾತೆಗೇ ಮೈಲಿ ಸೇರುವುದರಿಂದ ಹೆಂಡತಿಗೆ, ಮಕ್ಕಳಿಗೆ, ಹಿರಿಯರಿಗೆ ಬೇರೆ ಬೇರೆ ಖಾತೆ ಬೇಕು. ಸ್ವಂತ ಆಸನವಿಲ್ಲದೆ ಮಡಿಲಲ್ಲಿ ಪ್ರಯಾಣಿಸುವ ಎರಡು ವರ್ಷದೊಳಗಿನ ಶಿಶುವಿಗೆ ಸಾಮಾನ್ಯವಾಗಿ ಮೈಲಿ ಇಲ್ಲ.

ಇಲ್ಲಿ ನಮ್ಮವರು ಎಡವುವುದು ಹೆಸರಿನ ವಿಷಯದಲ್ಲಿ. ಕನ್ನಡಿಗರ ಹೆಸರಿನ ಹಿಂದೆ ಊರಿನ ಹೆಸರೂ ತಂದೆಯ ಹೆಸರೂ ಒಂದೊಂದು ಅಕ್ಷರವಾಗಿ ನಿಂತಿರುತ್ತವೆ. ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರಗಳು ಪೂರ್ಣ ರೂಪದಲ್ಲಿ ಹರಡಿಕೊಳ್ಳುತ್ತವೆ. ಕೆಲವರಿಗೆ ಮನೆತನದ ಹೆಸರೇ ಇರುವುದಿಲ್ಲ. ಮದುವೆಯಾದ ಹೆಣ್ಣುಮಕ್ಕಳ ದಾಖಲೆಗಳಲ್ಲಿ ಎರಡು ಮನೆತನಗಳ ಹೆಸರು ಕಾಣುವುದೂ ಉಂಟು. ಖಾತೆಯಲ್ಲಿ ಒಂದು ಬಗೆ, ಟಿಕೆಟ್ಟಿನಲ್ಲಿ ಇನ್ನೊಂದು ಬಗೆ ಇದ್ದರೆ ಗಣಕಯಂತ್ರವು ಇಬ್ಬರನ್ನೂ ಬೇರೆ ವ್ಯಕ್ತಿಗಳೆಂದೇ ಭಾವಿಸುತ್ತದೆ, ಮೈಲಿ ಜಮೆಯಾಗುವುದಿಲ್ಲ. ನಮ್ಮ ಮನೆಯಲ್ಲಿ ಎರಡನೆಯ ಸಲ ಆದದ್ದೂ ಇದೇ. ಆದ್ದರಿಂದ ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡು, ಅದರಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ನೋಡಿ ಖಾತೆ ತೆರೆಯುವುದು ಒಳ್ಳೆಯದು. ಟಿಕೆಟ್ಟನ್ನೂ ಹಾಗೆಯೇ ಮಾಡಿಸಬೇಕು.

ಯಾವ ಯೋಜನೆಯನ್ನು ಆರಿಸಬೇಕು?

ಸಿಕ್ಕ ಸಿಕ್ಕ ಸಂಸ್ಥೆಗಳಲ್ಲೆಲ್ಲ ಖಾತೆ ತೆರೆದು ಎಲ್ಲೆಡೆ ಚಿಲ್ಲರೆ ಮೈಲಿಗಳನ್ನು ಚೆಲ್ಲುವುದು ಹೊಸಬರ ಸಾಮಾನ್ಯ ತಪ್ಪು. ಒಂದೆರಡು ಕಡೆ ಒಟ್ಟುಗೂಡಿಸಿದರೆ ಮಾತ್ರ ಟಿಕೆಟ್ಟಿನ ಮಟ್ಟ ಮುಟ್ಟಬಹುದು.

ಇದಕ್ಕೆ ಅನುಕೂಲವಾಗುವುದು ವಿಮಾನ ಸಂಸ್ಥೆಗಳ ಒಕ್ಕೂಟಗಳು. ಸ್ಟಾರ್ ಅಲಯನ್ಸ್ 1997ರಲ್ಲಿ, ಒನ್‌ವರ್ಲ್ಡ್ 1999ರಲ್ಲಿ, ಸ್ಕೈಟೀಮ್ 2000ದಲ್ಲಿ ಹುಟ್ಟಿದವು. ಏರ್ ಇಂಡಿಯಾ 2014ರ ಜುಲೈಯಲ್ಲಿ ಸ್ಟಾರ್ ಅಲಯನ್ಸ್ ಸೇರಿತು. ಹೀಗಾಗಿ ಸಿಂಗಾಪುರ್ ಏರ್‌ಲೈನ್ಸ್, ಲುಫ್ತಾನ್ಸಾ, ಯುನೈಟೆಡ್ ಮುಂತಾದ ಸಂಸ್ಥೆಗಳಲ್ಲಿ ಹಾರಿದರೂ, ಟಿಕೆಟ್ಟಿನ ದರ್ಜೆಗೆ ಅವಕಾಶವಿದ್ದರೆ, ಏರ್ ಇಂಡಿಯಾ ಖಾತೆಗೇ ಅಂಕ ಬರೆಸಿಕೊಳ್ಳಬಹುದು. ಬ್ರಿಟಿಷ್ ಏರ್‌ವೇಸ್ ಮತ್ತು ಕತಾರ್ ಏರ್‌ವೇಸ್ ಒನ್‌ವರ್ಲ್ಡ್‌ನಲ್ಲಿವೆ. ಏರ್ ಫ್ರಾನ್ಸ್, ಕೆ.ಎಲ್.ಎಂ. ಸ್ಕೈಟೀಮ್‌ನಲ್ಲಿವೆ. ಎಮಿರೇಟ್ಸ್ ಯಾವ ಒಕ್ಕೂಟಕ್ಕೂ ಸೇರಿಲ್ಲ. ಒಂದು ಪ್ರಯಾಣದ ಮೈಲಿಯನ್ನು ಒಂದೇ ಖಾತೆಗೆ ಸೇರಿಸಬಹುದು, ಎರಡು ಕಡೆ ಬರೆಸುವಂತಿಲ್ಲ.

ಸ್ವದೇಶದಲ್ಲಿ ಏರ್ ಇಂಡಿಯಾದ ‘ಫ್ಲೈಯಿಂಗ್ ರಿಟರ್ನ್ಸ್’ ಹಳೆಯ ಯೋಜನೆ. 2025ರಲ್ಲಿ ಅದು ‘ಮಹಾರಾಜಾ ಕ್ಲಬ್’ ಎಂಬ ಹೆಸರು ಪಡೆಯಿತು. 2006ರಲ್ಲಿ ಹಾರಾಟ ಆರಂಭಿಸಿದ ಇಂಡಿಗೋ ‘ಬ್ಲೂಚಿಪ್’ ಯೋಜನೆಯನ್ನು ತಂದುದು 2024ರಲ್ಲಿ. ಊರಿಗೆ ಹೋಗಿಬರುವುದಷ್ಟೇ ಇದ್ದವರು ತಾವು ಹೆಚ್ಚಾಗಿ ಬಳಸುವ ಸಂಸ್ಥೆಯ ಯೋಜನೆಯನ್ನೇ ಹಿಡಿಯಲಿ. ಮಕ್ಕಳು ವಿದೇಶದಲ್ಲಿದ್ದವರು ಆ ದಾರಿಯಲ್ಲಿ ಹಾರುವ ಒಕ್ಕೂಟವನ್ನು ನೋಡಿ ಆರಿಸಲಿ.

ಟಿಕೆಟ್ಟಿನಿಂದ ಖಾತೆಗೆ

ಟಿಕೆಟ್ ಮಾಡಿಸುವಾಗಲೇ ಸದಸ್ಯತ್ವ ಸಂಖ್ಯೆಯನ್ನು ಕೊಡಬೇಕು. ಏಜೆಂಟರ ಮೂಲಕ ಮಾಡಿಸಿದರೆ ಅವರು ಇದನ್ನು ತಾವಾಗಿ ಕೇಳುವುದು ಅಪರೂಪ. ಮರೆತಿದ್ದರೆ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಾದರೂ ಹೇಳಿ, ಬೋರ್ಡಿಂಗ್ ಪಾಸಿನ ಮೇಲೆ ಸಂಖ್ಯೆ ಮುದ್ರಿತವಾಗಿದೆಯೇ ಎಂದು ನೋಡಿಕೊಳ್ಳಿ. ಪ್ರಯಾಣ ಮುಗಿದು ಕೆಲವು ದಿನಗಳ ನಂತರ ಖಾತೆಯನ್ನು ತೆರೆದು ಪರಿಶೀಲಿಸಿ. ಜಮೆಯಾಗದಿದ್ದರೆ ಬೋರ್ಡಿಂಗ್ ಪಾಸ್ ಮತ್ತು ಟಿಕೆಟ್ ಸಂಖ್ಯೆಯೊಡನೆ ಬೇಡಿಕೆ ಸಲ್ಲಿಸಬಹುದು. ಆದರೆ ಅದಕ್ಕೊಂದು ಗಡುವಿದೆ. ಯೋಜನೆಯಿಂದ ಯೋಜನೆಗೆ ಅದು ಬದಲಾಗುತ್ತದೆ. ಮೈಲಿ ಜಮೆಯಾಗುವವರೆಗೆ ಪಾಸನ್ನು ಎಸೆಯದಿರುವುದೇ ಸುಲಭ ಸೂತ್ರ.

ಹಾರದೆಯೂ ಗಳಿಕೆ: ಕ್ರೆಡಿಟ್ ಕಾರ್ಡಿನ ಎಚ್ಚರ

ಹೋಟೆಲ್ ವಾಸ್ತವ್ಯ, ಅಂಗಡಿ ಖರೀದಿ, ಎಲ್ಲಕ್ಕಿಂತ ಹೆಚ್ಚಾಗಿ ಕ್ರೆಡಿಟ್ ಕಾರ್ಡುಗಳಿಂದ ಮೈಲಿ ಸೇರುತ್ತದೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಡೇವಿಡ್ ಫಿಲಿಪ್ಸ್ ಆಹಾರ ಕಂಪನಿಯೊಂದರ ಕೊಡುಗೆಯನ್ನು ಲೆಕ್ಕ ಹಾಕಿ ನೋಡಿ, ಹನ್ನೆರಡು ಸಾವಿರಕ್ಕೂ ಮಿಕ್ಕಿ ಪುಡಿಂಗ್ ಡಬ್ಬಿಗಳನ್ನು ಕೊಂಡು, ಹನ್ನೆರಡು ಲಕ್ಷಕ್ಕೂ ಹೆಚ್ಚು ಮೈಲಿ ಗಳಿಸಿದ ಕಥೆ ಪ್ರಸಿದ್ಧ. ಅದಕ್ಕೆ ಅವರಿಗೆ ತಗಲಿದ ಖರ್ಚು ಸುಮಾರು ಮೂರು ಸಾವಿರ ಡಾಲರ್. ಆದರೆ ಇಂಥ ಅವಕಾಶ ನಿತ್ಯ ಬರುವುದಿಲ್ಲ. ನಿತ್ಯ ಬರುವುದು ಕಾರ್ಡಿನ ಬಿಲ್ಲು.

ಬ್ಯಾಂಕಿನವರಾಗಿ ಒಂದು ಮಾತನ್ನು ಖಚಿತವಾಗಿ ಹೇಳುತ್ತೇವೆ. ಪ್ರತಿ ತಿಂಗಳೂ ಬಿಲ್ಲನ್ನು ಪೂರ್ತಿ ತೀರಿಸುವವರಿಗೆ ಮಾತ್ರ ಕಾರ್ಡಿನ ಮೈಲಿ ಲಾಭ. ಬಾಕಿಗೆ ತಿಂಗಳಿಗೆ ಶೇಕಡಾ 3.5ರ ಬಡ್ಡಿ ಎಂದಿಟ್ಟುಕೊಳ್ಳೋಣ. 50,000 ರೂಪಾಯಿ ಬಾಕಿ ಉಳಿದರೆ ಒಂದೇ ತಿಂಗಳಿಗೆ 1,750 ರೂಪಾಯಿ ಬಡ್ಡಿ. ನೂರು ರೂಪಾಯಿಗೆ ಎರಡು ಅಂಕದಂತೆ ಆ ಖರ್ಚಿನಿಂದ ಬರುವುದು 1,000 ಅಂಕ. ಅಂಕಕ್ಕೆ 60 ಪೈಸೆಯ ಬೆಲೆ ಕಟ್ಟಿದರೂ ಅದು 600 ರೂಪಾಯಿ. ಇದಕ್ಕೆ ಮೇಲಾಗಿ ಕಾರ್ಡಿನ ವಾರ್ಷಿಕ ಶುಲ್ಕ ಬೇರೆ. ಮೈಲಿಗಾಗಿ ಬೇಡದ ವಸ್ತುವನ್ನು ಕೊಳ್ಳುವುದೂ ಇದೇ ಜಾತಿಯ ನಷ್ಟ.

ಒಂದು ಮೈಲಿಗೆ ಎಷ್ಟು ಬೆಲೆ?

ಖರ್ಚು ಮಾಡುವ ಮೊದಲು ಈ ಲೆಕ್ಕವನ್ನು ಮಾಡಿ ನೋಡಬೇಕು. ಒಂದು ಟಿಕೆಟ್ಟಿನ ದರ 6,000 ರೂಪಾಯಿ ಎನ್ನೋಣ. ಅದೇ ಟಿಕೆಟ್ ಮೈಲಿಯಲ್ಲಿ 8,000 ಅಂಕ ಮತ್ತು ತೆರಿಗೆ, ಶುಲ್ಕಗಳೆಂದು 1,200 ರೂಪಾಯಿ. ‘ಉಚಿತ’ ಟಿಕೆಟ್ಟಿಗೂ ಇವನ್ನು ಕೊಡಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ನಿಜವಾಗಿ ಉಳಿದದ್ದು 4,800 ರೂಪಾಯಿ. ಅಂದರೆ ಅಂಕಕ್ಕೆ 60 ಪೈಸೆ. ಅದೇ 8,000 ಅಂಕಕ್ಕೆ 2,000 ರೂಪಾಯಿಯ ಮಿಕ್ಸರ್ ತಂದರೆ ಅಂಕಕ್ಕೆ ಸಿಕ್ಕಿದ್ದು 25 ಪೈಸೆ ಮಾತ್ರ. ಮೈಲಿಯ ಬೆಲೆ ಸಾಮಾನ್ಯವಾಗಿ ವಿಮಾನದ ಆಸನದಲ್ಲೇ ಹೆಚ್ಚು.

ಮೈಲಿಗೆ ಕೊಡುವ ಆಸನಗಳು ಹಲವೆಡೆ ಮಿತವಾಗಿರುತ್ತವೆ. ದೀಪಾವಳಿ, ಮೇ ತಿಂಗಳ ರಜೆಗಳಲ್ಲಿ ಅವು ಸಿಗುವುದು ಕಷ್ಟ. ದೂರ ಪ್ರಯಾಣಕ್ಕೆ ಹಲವು ತಿಂಗಳ ಮೊದಲೇ ಹುಡುಕುವುದು ಜಾಣತನ.

ಇದು ಠೇವಣಿಯಲ್ಲ

ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದು. ಬ್ಯಾಂಕಿನ ಠೇವಣಿಗೆ ಬಡ್ಡಿ ಇದೆ, ನಾಮನಿರ್ದೇಶನವಿದೆ, 2020ರ ಫೆಬ್ರವರಿಯಿಂದ ಐದು ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷಣೆಯಿದೆ. ಮೈಲಿಗೆ ಇವುಗಳಲ್ಲಿ ಒಂದೂ ಇಲ್ಲ. ಇಂದು 8,000 ಅಂಕಕ್ಕೆ ಸಿಗುವ ಟಿಕೆಟ್ಟಿಗೆ ನಾಳೆ 12,000 ಕೇಳುವ ಅಧಿಕಾರ ಸಂಸ್ಥೆಗಿದೆ. ಅನೇಕ ಯೋಜನೆಗಳ ನಿಯಮಗಳಂತೆ ಮೈಲಿಗಳು ಸದಸ್ಯನ ಆಸ್ತಿಯಲ್ಲ. ಸದಸ್ಯ ತೀರಿಕೊಂಡರೆ ವಾರಸುದಾರರಿಗೆ ಅವು ಹಕ್ಕಿನಿಂದ ಬರುವುದಿಲ್ಲ.

ವಾಯಿದೆಯೂ ಉಂಟು. ಸಿಂಗಾಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲಿಗಳ ಆಯುಷ್ಯ ಮೂರು ವರ್ಷ. ಅಮೆರಿಕನ್ ಏರ್‌ಲೈನ್ಸ್‌ನಲ್ಲಿ 24 ತಿಂಗಳು ಖಾತೆಯಲ್ಲಿ ಚಟುವಟಿಕೆ ಇಲ್ಲದಿದ್ದರೆ ಅವು ಅಳಿಯುತ್ತವೆ. ಯುನೈಟೆಡ್ ಮಾತ್ರ 2019ರಲ್ಲಿ ವಾಯಿದೆಯನ್ನು ತೆಗೆದುಹಾಕಿತು.

ಸಂಸ್ಥೆಯೇ ನಿಂತುಹೋದರೆ? ನಮ್ಮ ಬೆಂಗಳೂರಿನಲ್ಲೇ ನೋಂದಾಯಿತ ಕಚೇರಿ ಹೊಂದಿದ್ದ ಕಿಂಗ್‌ಫಿಶರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ವಿಮಾನವೇ ಹಾರದ ಮೇಲೆ ಅದರ ಅಂಕಗಳಿಗೆ ಆಸನ ಎಲ್ಲಿಂದ ಬರಬೇಕು? 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ನಿಂತಾಗ ಅದರ ಮೈಲಿ ಯೋಜನೆ ಪ್ರತ್ಯೇಕ ಕಂಪನಿಯಲ್ಲಿದ್ದುದರಿಂದ ಅದೇ ವರ್ಷ ‘ಇಂಟರ್‌ಮೈಲ್ಸ್’ ಎಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. 2024ರ ನವೆಂಬರಿನಲ್ಲಿ ವಿಸ್ತಾರಾ ಏರ್ ಇಂಡಿಯಾದಲ್ಲಿ ಲೀನವಾದಾಗ ಕ್ಲಬ್ ವಿಸ್ತಾರಾ ಸದಸ್ಯರ ಅಂಕಗಳು ಏರ್ ಇಂಡಿಯಾ ಯೋಜನೆಗೆ ವರ್ಗವಾದವು. ಮೂರು ಸಂಸ್ಥೆಗಳು, ಮೂರು ಬಗೆಯ ಅಂತ್ಯ. ಯಾವುದು ತನ್ನ ಪಾಲಿಗೆ ಬರುವುದೆಂದು ಸದಸ್ಯನಿಗೆ ಮೊದಲೇ ತಿಳಿಯುವುದಿಲ್ಲ.

ಆದ್ದರಿಂದ ಮೈಲಿಯನ್ನು ಕೂಡಿಡುವ ಚಿನ್ನವೆಂದು ತಿಳಿಯದೆ, ತೋಟದ ಹಣ್ಣೆಂದು ತಿಳಿಯೋಣ. ಮಾಗಿದಾಗ ಕೊಯ್ದು ಹಂಚಬೇಕು; ಬಿಟ್ಟರೆ ಕೊಳೆಯುತ್ತದೆ. ಸದಸ್ಯನು ತನ್ನ ಮೈಲಿಯಿಂದ ಮನೆಯವರಿಗೆ ಟಿಕೆಟ್ ಮಾಡಿಸಲು ಬಹಳಷ್ಟು ಯೋಜನೆಗಳಲ್ಲಿ ಅವಕಾಶವಿದೆ. ಕ್ರಿಸ್‌ಫ್ಲೈಯರ್‌ನಲ್ಲಿ ಅದಕ್ಕಾಗಿ ಐವರ ಹೆಸರನ್ನು ನೋಂದಾಯಿಸಬಹುದು.

ಮೊದಲ ಸಲ ಕಳೆದುಕೊಂಡ ಮೈಲಿಗಳು ನಮಗೆ ಮರಳಿ ಬರಲಿಲ್ಲ. ಆದರೆ ನಂತರದ ವರ್ಷಗಳಲ್ಲಿ ಜಾಗ್ರತೆಯಿಂದ ಕೂಡಿಸಿದ ಅಂಕಗಳಿಂದ, ಬಸ್ಸಿನ ಪ್ರಯಾಣ ತಾಳಲಾರದ ನಮ್ಮ ತಾಯಿಯವರನ್ನು ಊರಿನಿಂದ ಮುಂಬಯಿಗೆ ಕರೆಸಿಕೊಂಡು ಮೊಮ್ಮಗನ ನಾಮಕರಣಕ್ಕೆ ಕೂರಿಸಿದೆವು. ಎಂಬತ್ತೆರಡರ ವಯಸ್ಸಿನಲ್ಲಿ ಅದು ಅವರ ಮೊದಲ ವಿಮಾನ ಪ್ರಯಾಣವಾಗಿತ್ತು. ಓದುಗರು ಈ ಭಾನುವಾರ ಮನೆಮಂದಿಯ ಪಾಸ್‌ಪೋರ್ಟುಗಳನ್ನು ಮೇಜಿನ ಮೇಲೆ ಹರಡಿಕೊಂಡು ಖಾತೆ ತೆರೆಯಲಿ. ಮುಂದಿನ ಪ್ರಯಾಣದ ಮೈಲಿಯಾದರೂ ರದ್ದಿಗೆ ಹೋಗದಿರಲಿ ಎಂಬುದು ನಮ್ಮ ಹಾರೈಕೆ.