ಪಾದರಸ ಮಾಲಿನ್ಯ ನಿಯಂತ್ರಣ: ಸಂಶೋಧನೆ ಮತ್ತು ಸ್ವಯಂಪ್ರೇರಿತ ಕ್ರಮಗಳು

ಪಾದರಸವು ಮೂಲಧಾತುವಾದ್ದರಿಂದ ಒಮ್ಮೆ ಪರಿಸರವನ್ನು ಸೇರಿದರೆ ನಾಶವಾಗುವುದಿಲ್ಲ. ಕಲ್ಲಿದ್ದಲಿನ ದಹನ, ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆ ಹಾಗೂ ಕಾರ್ಖಾನೆಗಳಿಂದ ಹೊರಬೀಳುವ ಈ ಲೋಹವನ್ನು ಜಲಮೂಲಗಳಲ್ಲಿನ ಸೂಕ್ಷ್ಮಜೀವಿಗಳು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ದಾಟುತ್ತ ಸಾಂದ್ರಗೊಳ್ಳುವ ಈ ವಿಷವು, ಮೀನು ತಿನ್ನುವ ತಾಯಿಯ ಮೂಲಕ ಗರ್ಭಸ್ಥ ಶಿಶುವಿನ ಮಿದುಳಿಗೂ ಹಾನಿ ಮಾಡಬಲ್ಲದು. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಪತ್ತೆಯಾದ ಕಾಯಿಲೆ ಇದರ ಘೋರ ನಿದರ್ಶನ.

ಸರೋವರದ ಪಾಠ

ಹೊರಸೂಸುವಿಕೆಯನ್ನು ತಗ್ಗಿಸಿದರೆ ಮೀನುಗಳು ಶುದ್ಧವಾಗುವವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳು ಕೆನಡಾದ ಒಂಟಾರಿಯೊ ಪ್ರಾಂತದ ಪ್ರಾಯೋಗಿಕ ಸರೋವರವೊಂದಕ್ಕೆ 2001ರಿಂದ 2007ರವರೆಗೆ, ಪ್ರತ್ಯೇಕವಾಗಿ ಗುರುತಿಸಬಹುದಾದ ಪಾದರಸದ ಐಸೊಟೋಪುಗಳನ್ನು ಸೇರಿಸಿದರು. ಸೇರಿಸುವುದನ್ನು ನಿಲ್ಲಿಸಿದ ಬಳಿಕ ಆ ಪಾದರಸದ ಅಂಶ ಸಣ್ಣ ಮೀನುಗಳಲ್ಲಿ ಶೀಘ್ರವಾಗಿಯೂ, ದೊಡ್ಡ ಮೀನುಗಳಲ್ಲಿ ಕೆಲವು ವರ್ಷಗಳಲ್ಲಿಯೂ ಗಣನೀಯವಾಗಿ ಇಳಿಯಿತು. ಈ ಫಲಿತಾಂಶ 2021ರಲ್ಲಿ ಪ್ರಕಟವಾಯಿತು.

ಸ್ವಯಂಪ್ರೇರಿತ ಒಪ್ಪಂದಗಳು

ಅಮೆರಿಕದ ಆಸ್ಪತ್ರೆಗಳ ಸಂಘವು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯೊಡನೆ 1998ರಲ್ಲಿ ಒಪ್ಪಂದ ಮಾಡಿಕೊಂಡು, ಪಾದರಸಯುಕ್ತ ತ್ಯಾಜ್ಯವನ್ನು 2005ರೊಳಗೆ ಬಹುಮಟ್ಟಿಗೆ ನಿವಾರಿಸುವ ಗುರಿ ಹೊಂದಿತು. ಕ್ಲೋರಿನ್ ಉದ್ಯಮವೂ ಪಾದರಸದ ಬಳಕೆಯನ್ನು 2005ರ ವೇಳೆಗೆ ಅರ್ಧಕ್ಕಿಳಿಸುವುದಾಗಿ ವಾಗ್ದಾನ ನೀಡಿತು. ಬಳಕೆ ಇಳಿಯಿತಾದರೂ, 2000ನೇ ವರ್ಷವೊಂದರಲ್ಲೇ ಈ ಉದ್ಯಮದಲ್ಲಿ ಸುಮಾರು 65 ಟನ್ ಪಾದರಸ ಎಲ್ಲಿ ಹೋಯಿತೆಂಬ ಲೆಕ್ಕ ಸಿಗಲಿಲ್ಲ. ಬಳಕೆಯ ಅಂಕಿಯೊಂದನ್ನೇ ನೋಡಿದರೆ ಸಾಲದು, ಸೋರಿಕೆಯನ್ನೂ ಅಳೆಯಬೇಕೆಂಬುದನ್ನು ಇದು ತೋರಿಸಿತು.

ಭಾರತದಲ್ಲಿ

ಕೇಂದ್ರ ಪರಿಸರ ಸಚಿವಾಲಯ ಹಾಗೂ ಉದ್ಯಮಗಳು 2003ರಲ್ಲಿ ರೂಪಿಸಿದ ಪರಿಸರ ಹೊಣೆಗಾರಿಕೆಯ ಸನ್ನದು, ಕಾಸ್ಟಿಕ್ ಸೋಡಾ ಕಾರ್ಖಾನೆಗಳು ಪಾದರಸ ಕೋಶಗಳನ್ನು ಕೈಬಿಟ್ಟು ಮೆಂಬ್ರೇನ್ ಕೋಶಗಳಿಗೆ ಹಂತಹಂತವಾಗಿ ಬದಲಾಗಬೇಕೆಂದಿತು. ಹೊಸ ತಂತ್ರಜ್ಞಾನದಿಂದ ವಿದ್ಯುತ್ತೂ ಉಳಿಯುವುದರಿಂದ ಉದ್ಯಮಕ್ಕೆ ಅದು ಲಾಭದಾಯಕವೂ ಆಗಿತ್ತು.

ಲಾಭವಿಲ್ಲದೆಡೆ ಸದಿಚ್ಛೆಯೊಂದೇ ಸಾಲದು. 2013ರಲ್ಲಿ ಅಂಗೀಕಾರಗೊಂಡ ಮಿನಮಾಟಾ ಒಡಂಬಡಿಕೆ 2017ರ ಆಗಸ್ಟ್ 16ರಂದು ಜಾರಿಗೆ ಬಂದಿತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಸ್ವಯಂಪ್ರೇರಿತ ಕ್ರಮಗಳು ದಾರಿ ತೋರಬಲ್ಲವು; ಎಲ್ಲರೂ ಆ ದಾರಿಯಲ್ಲಿ ನಡೆಯುವಂತೆ ಮಾಡಲು ನಿಖರ ಮಾಪನ ಮತ್ತು ಕಾನೂನಿನ ಬಲ ಎರಡೂ ಬೇಕು.