ಕರುವಿನ ಜಠರದಿಂದ ಬ್ಯಾಕ್ಟೀರಿಯದವರೆಗೆ: ಒಂದು ಕಿಣ್ವದ ಇತಿಹಾಸ

ಹಾಲನ್ನು ಮೊಸರಾಗಿಸಲು ಒಂದು ಚಮಚ ಹೆಪ್ಪು ಸಾಕು. ಪನೀರು ಮಾಡಲು ನಿಂಬೆಯ ಹುಳಿ ಸಾಕು. ಆದರೆ ಯುರೋಪಿನಲ್ಲಿ ಬೆಳೆದುಬಂದ ಗಟ್ಟಿ ಚೀಸಿನ ಬಹುತೇಕ ಬಗೆಗಳಿಗೆ ಶತಮಾನಗಳ ಕಾಲ ಬೇಕಾಗಿದ್ದುದು ರೆನ್ನೆಟ್ ಎಂಬ ವಸ್ತು. ಇನ್ನೂ ತಾಯಿಯ ಹಾಲನ್ನೇ ಕುಡಿಯುತ್ತಿರುವ ಎಳೆಗರುವನ್ನು ವಧಿಸಿ, ಅದರ ಜಠರದ ನಾಲ್ಕನೆಯ ಕೋಶದಿಂದ ಇದನ್ನು ತೆಗೆಯಲಾಗುತ್ತಿತ್ತು. ಹಾಲಿನ ಪದಾರ್ಥವೆಂದು ನಿಶ್ಚಿಂತೆಯಿಂದ ಸ್ವೀಕರಿಸುವ ಆಹಾರದ ಹಿಂದೆ ಪಂಚೇಂದ್ರಿಯ ಜೀವಿಯ ವಧೆ ಅಡಗಿರಬಹುದೆಂಬುದು ಶ್ರಾವಕ ಕುಟುಂಬಗಳು ಅರಿಯಬೇಕಾದ ಸಂಗತಿ.

ರೆನ್ನೆಟ್ಟಿನ ಸಾರವೆಂದರೆ ಕೈಮೋಸಿನ್ ಎಂಬ ಕಿಣ್ವ. ಹಾಲಿನ ಕೇಸಿನ್ ಕಣಗಳು ಒಂದಕ್ಕೊಂದು ಅಂಟದಂತೆ ಅವುಗಳ ಮೇಲೆ ಒಂದು ಬಗೆಯ ಪ್ರೋಟೀನು ಕಾವಲಿನಂತೆ ಇರುತ್ತದೆ. ಕೈಮೋಸಿನ್ ಆ ಪ್ರೋಟೀನನ್ನು ಒಂದೇ ಒಂದು ನಿರ್ದಿಷ್ಟ ಸ್ಥಳದಲ್ಲಿ ಕತ್ತರಿಸುತ್ತದೆ. ಆಗ ಕಣಗಳು ಕೂಡಿಕೊಂಡು ಹಾಲು ಗಟ್ಟಿಯಾಗುತ್ತದೆ. ಕರುವಿಗೆ ತಾಯಿಯ ಹಾಲು ನಿಧಾನವಾಗಿ ಜೀರ್ಣವಾಗಲೆಂದು ಪ್ರಕೃತಿ ಇತ್ತ ಸಾಧನವಿದು.

1874ರಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಹ್ಯಾನ್ಸನ್ ಎಂಬಾತ ಕರುವಿನ ಜಠರದಿಂದ ಏಕರೂಪದ ಶಕ್ತಿಯುಳ್ಳ ರೆನ್ನೆಟ್ ತೆಗೆದು ಮಾರಾಟಕ್ಕೆ ತಂದನು. ಮನೆಯ ಕಸುಬಿನ ವಸ್ತು ಅಂದಿನಿಂದ ಕಾರ್ಖಾನೆಯ ಸರಕಾಯಿತು. ಎರಡನೆಯ ಮಹಾಯುದ್ಧದ ನಂತರ ಚೀಸಿನ ಬಳಕೆ ಏರುತ್ತ ಹೋಯಿತು. ಎಳೆಗರುಗಳ ವಧೆ ಮಾತ್ರ ಅದೇ ಪ್ರಮಾಣದಲ್ಲಿ ಏರಲಿಲ್ಲ. ಕರುಗಳನ್ನು ದೊಡ್ಡದಾಗಿ ಬೆಳೆಸಿ ಮಾಂಸಕ್ಕೆ ಮಾರುವುದೇ ಲಾಭವೆಂದು ಸಾಕುವವರು ಕಂಡುಕೊಂಡಿದ್ದರು. ರೆನ್ನೆಟ್ಟಿಗೆ ಅಭಾವ ತಲೆದೋರಿ ಬೆಲೆ ಏರಿತು. 1960ರ ದಶಕದಲ್ಲಿ ಶಿಲೀಂಧ್ರಗಳಿಂದ ಪಡೆದ ಬದಲಿ ಕಿಣ್ವಗಳು ಬಂದವು. ಆದರೆ ಅವು ಪ್ರೋಟೀನನ್ನು ಬೇರೆಡೆಯೂ ಕತ್ತರಿಸುವುದರಿಂದ, ದೀರ್ಘಕಾಲ ಹಣ್ಣಾಗಬೇಕಾದ ಚೀಸಿನಲ್ಲಿ ಕಹಿ ಮೂಡುವುದುಂಟು.

ಅಷ್ಟರಲ್ಲಿ ವಿಜ್ಞಾನ ಹೊಸ ಹಾದಿ ಹಿಡಿದಿತ್ತು. 1973ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬೋಯರ್ ಹೊರಗಿನ ವಂಶವಾಹಿಯನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯದೊಳಗೆ ಸೇರಿಸಿ ತೋರಿಸಿದರು. ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದ ಇನ್ಸುಲಿನ್ನಿಗೆ ಬದಲಾಗಿ, ಬ್ಯಾಕ್ಟೀರಿಯದಿಂದ ತಯಾರಾದ ಮಾನವ ಇನ್ಸುಲಿನ್ನಿಗೆ 1982ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಕೈಮೋಸಿನ್ನಿನ ಸರದಿಯೂ ಬಂದಿತು. 1980ರ ದಶಕದ ಆರಂಭದಲ್ಲಿ ಜಪಾನ್, ಬ್ರಿಟನ್ ಮತ್ತು ಅಮೆರಿಕದ ಪ್ರಯೋಗಾಲಯಗಳು ಕರುವಿನ ಜಠರದ ಕೋಶಗಳಲ್ಲಿದ್ದ ಸಂದೇಶವನ್ನು ನಕಲು ಮಾಡಿ ಇ. ಕೋಲಿಗೆ ಸೇರಿಸಿದವು. ಬ್ಯಾಕ್ಟೀರಿಯದೊಳಗೆ ಈ ಪ್ರೋಟೀನು ಕರಗದ ಉಂಡೆಗಳಾಗಿ ಶೇಖರವಾಗುತ್ತಿತ್ತು. ಅದನ್ನು ಕರಗಿಸಿ, ಸರಿಯಾದ ಆಕಾರಕ್ಕೆ ತಂದು, ಆಮ್ಲದಿಂದ ಚುರುಕುಗೊಳಿಸಬೇಕಾಗಿತ್ತು. 1990ರ ಮಾರ್ಚಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಫೈಜರ್ ಕಂಪನಿಯ ಇಂಥ ಕೈಮೋಸಿನ್ನನ್ನು ಸುರಕ್ಷಿತವೆಂದು ಒಪ್ಪಿತು. ಇದು ಕರುವಿನ ಕಿಣ್ವದಂತೆಯೇ ಇದೆ, ಶುದ್ಧೀಕರಣದಲ್ಲಿ ಬ್ಯಾಕ್ಟೀರಿಯ ಉಳಿಯುವುದಿಲ್ಲ ಎಂಬುವು ಅದಕ್ಕೆ ಮುಖ್ಯ ಆಧಾರಗಳು. ಮುಂದೆ ಯೀಸ್ಟ್ ಮತ್ತು ಶಿಲೀಂಧ್ರಗಳಿಂದಲೂ ಇದೇ ಕಿಣ್ವ ತಯಾರಾಯಿತು. ಇಂದು ಅಮೆರಿಕದ ಬಹುಪಾಲು ಚೀಸು ಇದರಿಂದಲೇ ಆಗುತ್ತದೆ. ಈ ವಿದ್ಯೆ ಆಹಾರಕ್ಕಷ್ಟೇ ನಿಲ್ಲಲಿಲ್ಲ: 2006ರಲ್ಲಿ ಅಮೆರಿಕದ ಟೆನೆಸ್ಸೀ ರಾಜ್ಯದ ಲೌಡನ್ನಿನಲ್ಲಿ ಮೆಕ್ಕೆಜೋಳದ ಸಕ್ಕರೆಯಿಂದ, ಮಾರ್ಪಡಿಸಿದ ಇ. ಕೋಲಿಯ ಮೂಲಕ, ನೂಲಿನ ಕಚ್ಚಾವಸ್ತುವಾದ ಪ್ರೊಪೇನ್‌ಡಯಾಲ್ ತಯಾರಿಕೆ ಆರಂಭವಾಯಿತು.

ಇಲ್ಲಿ ಧರ್ಮದ ಪ್ರಶ್ನೆ ಏಳುತ್ತದೆ. ಸೂಕ್ಷ್ಮಜೀವಿಯೂ ಜೀವವೇ. ಕೋಟ್ಯಂತರ ಸಂಖ್ಯೆಯಲ್ಲಿ ಅವನ್ನು ಬೆಳೆಸಿ ಕೊನೆಗೆ ಕೊಲ್ಲುವ ಈ ಉದ್ಯೋಗವನ್ನು ಹಿಂಸಾರಹಿತವೆನ್ನಲಾಗದು. ಆದರೆ ಗೃಹಸ್ಥನ ಅಣುವ್ರತವು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಮೊದಲು ತೊರೆಯಲು ಹೇಳಿ, ಸ್ಥಾವರ ಜೀವಿಗಳ ಹಿಂಸೆಯನ್ನು ಸಾಧ್ಯವಾದಷ್ಟು ತಗ್ಗಿಸಲು ವಿಧಿಸುತ್ತದೆ. ಈ ತಾರತಮ್ಯದಲ್ಲಿ ಕರುವಿನ ಕೊರಳು ತಪ್ಪಿದುದು ಸಣ್ಣ ಲಾಭವಲ್ಲ.

ಹಾಗೆಂದು ಲೆಕ್ಕವನ್ನು ಉಬ್ಬಿಸಬಾರದು. ಜಠರವು ಮಾಂಸದ ವ್ಯಾಪಾರದ ಉಪೋತ್ಪನ್ನವಾಗಿತ್ತು. ಅದರ ಬೇಡಿಕೆ ತಗ್ಗಿದ ಮಾತ್ರಕ್ಕೆ ಕಸಾಯಿಖಾನೆಗಳು ಮುಚ್ಚಲಿಲ್ಲ. ಈ ಬದಲಾವಣೆಯನ್ನು ತಂದುದು ಮುಖ್ಯವಾಗಿ ಬೆಲೆಯೇ ಹೊರತು ಕರುಣೆಯಲ್ಲ. ಬೆಲೆ ತಂದ ಒಳಿತನ್ನು ಬೆಲೆಯೇ ಹಿಂದಕ್ಕೆ ಒಯ್ಯಬಹುದು; ಅದನ್ನು ನೆಲೆಗೊಳಿಸುವುದು ಕೊಳ್ಳುವವರ ವಿವೇಕ.

ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಇಂದಿಗೂ ಕರುವಿನ ರೆನ್ನೆಟ್ಟನ್ನೇ ಬಳಸಬೇಕೆಂಬ ನಿಯಮವಿದೆ. ಪೋರ್ಚುಗಲ್ಲಿನ ಕೆಲವು ಚೀಸುಗಳು ಒಂದು ಬಗೆಯ ಮುಳ್ಳುಗಿಡದ ಹೂವಿನಿಂದಲೇ ಹೆಪ್ಪುಗಟ್ಟುತ್ತವೆ. ಪೊಟ್ಟಣದ ಹಸಿರು ಚಿಹ್ನೆಯನ್ನು ನೋಡುವುದು, ವಿದೇಶದಲ್ಲಿರುವ ಮಕ್ಕಳಿಗೆ ರೆನ್ನೆಟ್ಟಿನ ಮೂಲವನ್ನು ವಿಚಾರಿಸಲು ಕಲಿಸುವುದು, ಬಸದಿಗಳ ಭೋಜನಶಾಲೆಗೆ ಸರಕು ತರಿಸುವಾಗ ವರ್ತಕನನ್ನು ಸಂಕೋಚವಿಲ್ಲದೆ ಕೇಳುವುದು ಇವು ಚಿಕ್ಕ ಕಾರ್ಯಗಳು. ಆಹಾರಶುದ್ಧಿಯು ಅಡುಗೆಮನೆಯಲ್ಲಿ ಆರಂಭವಾಗುವುದಿಲ್ಲ. ಅಂಗಡಿಯಲ್ಲಿ ಕೇಳುವ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.